ಅಕ್ವಾಮರೀನ್ ಹರಳು: ನೋಡಿ, ತೂಗಿ ಕೊಳ್ಳುವುದರಿಂದ ತೊಳೆದು ಕಾಪಾಡುವವರೆಗೆ

ಅಕ್ವಾಮರೀನ್ ಕೊಳ್ಳಲು ಹೋದವರು ಮೊದಲು ಮಾಡಬೇಕಾದ ಕೆಲಸವೆಂದರೆ ಹರಳನ್ನು ಕೈಗೆ ತೆಗೆದುಕೊಂಡು ಅಂಗಡಿಯ ಬಾಗಿಲ ಹತ್ತಿರ ಬರುವುದು. ಗಾಜಿನ ಕಪಾಟಿನ ಮೇಲೆ ಉರಿಯುವ ಬಿಳಿ ದೀಪದಡಿ ತಿಳಿನೀಲಿ ಬಣ್ಣದ ಯಾವ ವಸ್ತುವೂ ಚೆನ್ನಾಗಿಯೇ ಕಾಣುತ್ತದೆ. ಅಲ್ಲಿ ಅಕ್ವಾಮರೀನಿಗೂ ಗಾಜಿಗೂ ಟೋಪಾಜಿಗೂ ಕಣ್ಣಳತೆಯಲ್ಲಿ ವ್ಯತ್ಯಾಸ ಹೇಳುವುದು ಪಳಗಿದವರಿಗೂ ಕಷ್ಟ. ನಾನು ಇದನ್ನು ದುಡ್ಡು ಕಳೆದುಕೊಂಡೇ ಕಲಿತದ್ದು. ಆ ಕಥೆ ಮುಂದೆ ಬರುತ್ತದೆ. ಈ ಹರಳಿನ ಒಂದು ಒಳ್ಳೆಯ ಗುಣವೆಂದರೆ, ಮನೆಯಲ್ಲಿರುವ ಸಾಮಾನಿನಲ್ಲೇ ಇದರ ನಿಜ ಸುಳ್ಳನ್ನು ಬಹುಮಟ್ಟಿಗೆ ತಿಳಿಯಬಹುದು. ಒಂದು ಬಿಳಿ ಕಾಗದ, ಒಂದು ಲೋಟ ನೀರು, ಒಂದು ಪುಟ್ಟ ತಕ್ಕಡಿ, ಒಂದು ಲ್ಯಾಪ್‌ಟಾಪ್ ಇದ್ದರೆ ಸಾಕು.

ಇದು ಯಾವ ಕಲ್ಲು?

ಅಕ್ವಾಮರೀನ್ ಬೆರಿಲ್ ಎಂಬ ಖನಿಜದ ನೀಲಿ ರೂಪ. ಪಚ್ಚೆಯೂ ಅದೇ ಬೆರಿಲ್. ಎರಡೂ ಒಂದೇ ಮನೆಯ ಮಕ್ಕಳು. ಒಳಗೆ ಸೇರಿಕೊಂಡ ಲೋಹ ಮಾತ್ರ ಬೇರೆ. ಕ್ರೋಮಿಯಮ್ ಅಥವಾ ವೆನೇಡಿಯಮ್ ಸೇರಿದರೆ ಹಸಿರು ಪಚ್ಚೆ, ಕಬ್ಬಿಣ ಸೇರಿದರೆ ನೀಲಿ ಅಕ್ವಾಮರೀನ್, ಮ್ಯಾಂಗನೀಸ್ ಸೇರಿದರೆ ಗುಲಾಬಿ ಮಾರ್ಗನೈಟ್. ಬೆರಿಲಿಯಮ್ ಎಂಬ ಮೂಲಧಾತು ಪತ್ತೆಯಾದದ್ದೂ ಈ ಕಲ್ಲಿನಿಂದಲೇ. 1798ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೋಕ್ಲಾಂ ಬೆರಿಲ್ ಮತ್ತು ಪಚ್ಚೆಗಳನ್ನು ವಿಶ್ಲೇಷಿಸಿದಾಗ ಎರಡರಲ್ಲೂ ಅದುವರೆಗೆ ಯಾರೂ ಕಾಣದ ಒಂದೇ ಧಾತು ಸಿಕ್ಕಿತು.

ಈ ಹರಳು ಹುಟ್ಟುವ ಜಾಗ ಪೆಗ್ಮಟೈಟ್ ಎಂಬ ಒರಟು ಕಣದ ಬಂಡೆ. ಗ್ರಾನೈಟ್ ಆಗುವ ಶಿಲಾರಸದಲ್ಲಿ ಕೊನೆಗೆ ಉಳಿಯುವ, ನೀರಿನಂಶ ಹೆಚ್ಚಿರುವ ಭಾಗ ಬಂಡೆಯ ಬಿರುಕುಗಳಿಗೆ ನುಗ್ಗಿ ಆರುತ್ತದೆ. ಅಲ್ಲಿನ ಪೊಳ್ಳುಗಳಲ್ಲಿ ಆರು ಮುಖದ ಕಂಬದಂತೆ ಸ್ಫಟಿಕ ಬೆಳೆಯುತ್ತದೆ. ಅಡ್ಡಿಯಿಲ್ಲದೆ ಬೆಳೆಯುವುದರಿಂದ ದೊಡ್ಡದಾಗಿಯೂ ತಿಳಿಯಾಗಿಯೂ ಇರುತ್ತದೆ. 1910ರಲ್ಲಿ ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ರಾಜ್ಯದ ಮರಂಬಾಯಾದಲ್ಲಿ ಸಿಕ್ಕ ಒಂದೇ ಒಂದು ಸ್ಫಟಿಕ ಸುಮಾರು 110 ಕಿಲೋ ತೂಗುತ್ತಿತ್ತು. ಅದೇ ರಾಜ್ಯದಲ್ಲಿ ಸಿಕ್ಕ ಇನ್ನೊಂದು ಸ್ಫಟಿಕದ ತುಂಡಿನಿಂದ ಜರ್ಮನಿಯ ಬೆರ್ನ್ಡ್ ಮುನ್‌ಸ್ಟೈನರ್ ಕಡೆದ 'ಡೊಮ್ ಪೆದ್ರೊ' ಎಂಬ ಸ್ತಂಭ 10,363 ಕ್ಯಾರಟ್ ತೂಕದ್ದು. ಸುಮಾರು 35 ಸೆಂಟಿಮೀಟರ್ ಎತ್ತರದ ಅದು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಕೊಳ್ಳುವವರಿಗೆ ಇದರಿಂದ ಎರಡು ಮಾತು ತಿಳಿಯುತ್ತವೆ. ಪಚ್ಚೆಯೊಳಗೆ ಬಿರುಕು, ಪಾಚಿಯಂಥ ಗೆರೆ ಇದ್ದರೆ ಸಹಿಸಿಕೊಳ್ಳುತ್ತೇವೆ, ಅಕ್ವಾಮರೀನಿನಲ್ಲಿ ಸಹಿಸಬೇಕಾಗಿಲ್ಲ. ಬರಿಗಣ್ಣಿಗೆ ಶುಭ್ರವಾದ ಹರಳು ಧಾರಾಳವಾಗಿ ಸಿಗುತ್ತದೆ. ಗಾತ್ರ ದೊಡ್ಡದು ಎಂಬ ಒಂದೇ ಕಾರಣಕ್ಕೆ ಕ್ಯಾರಟ್ಟಿನ ಬೆಲೆಯನ್ನು ವಜ್ರದಂತೆ ಏರಿಸಿ ಹೇಳಿದರೂ ಒಪ್ಪಬೇಕಾಗಿಲ್ಲ. ಇಲ್ಲಿ ಬೆಲೆ ನಿಲ್ಲುವುದು ಮೊದಲು ಬಣ್ಣದ ಮೇಲೆ.

ಹೆಸರು, ಕಥೆ, ನಂಬಿಕೆ

ಅಕ್ವಾ ಮರೀನಾ ಎಂದರೆ ಲ್ಯಾಟಿನ್ನಿನಲ್ಲಿ ಕಡಲ ನೀರು. ಪಶ್ಚಿಮದ ನಾವಿಕರು ಇದನ್ನು ಕಡಲಿನ ಅಪಾಯಕ್ಕೆ ರಕ್ಷೆಯೆಂದು ಧರಿಸುತ್ತಿದ್ದರೆಂಬ ಕಥೆಗಳು ಬೇಕಾದಷ್ಟಿವೆ. 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳು ತಿಂಗಳಿಗೊಂದು ಹರಳಿನ ಪಟ್ಟಿ ಮಾಡಿದಾಗ ಮಾರ್ಚ್ ತಿಂಗಳಿಗೆ ಇದನ್ನೂ ಸೇರಿಸಿದರು. ಇಂದು ಬೆಂಗಳೂರಿನಲ್ಲೂ 'ಮಾರ್ಚ್‌ನಲ್ಲಿ ಹುಟ್ಟಿದವರ ಹರಳು' ಎಂದು ಮಾರುವುದರ ಮೂಲ ಆ ಪಟ್ಟಿ. 1953ರಲ್ಲಿ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್‌ಗೆ ಪಟ್ಟಾಭಿಷೇಕವಾದಾಗ ಬ್ರೆಜಿಲ್ ಉಡುಗೊರೆಯಾಗಿ ಕೊಟ್ಟದ್ದು ಅಕ್ವಾಮರೀನ್ ಹಾರ ಮತ್ತು ಓಲೆ.

ಆದರೆ ನನ್ನ ಮನಸ್ಸನ್ನು ಹಿಡಿದ ಕಥೆ ನಮ್ಮ ನೆಲದ್ದು. ಬೆರಿಲ್ ಎಂಬ ಪದ ಗ್ರೀಕಿನ ಬೆರಿಲ್ಲೊಸ್‌ನಿಂದ ಬಂತು. ಆ ಬೆರಿಲ್ಲೊಸ್ ಭಾರತದಿಂದ ಹೋದದ್ದು. ಪ್ರಾಕೃತದ ವೇಲುರಿಯ, ಸಂಸ್ಕೃತದ ವೈಡೂರ್ಯ ಅದರ ಬಂಧುಗಳು. ಜರ್ಮನ್ನರು ಕನ್ನಡಕಕ್ಕೆ ಬ್ರಿಲ್ಲೆ ಎನ್ನುತ್ತಾರಲ್ಲ, ಅದೂ ಈ ಪದದ ಮೊಮ್ಮಗುವೇ. ರೋಮನ್ ಲೇಖಕ ಪ್ಲಿನಿ ಒಂದನೇ ಶತಮಾನದಲ್ಲೇ ಬೆರಿಲ್ ಹರಳುಗಳು ಭಾರತದಲ್ಲಿ ಸಿಗುತ್ತವೆ, ಬೇರೆಡೆ ಅಪರೂಪ ಎಂದು ಬರೆದಿದ್ದಾನೆ. ಎರಡನೇ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ತನ್ನ ಭೂಗೋಳ ಗ್ರಂಥದಲ್ಲಿ ಪೌನ್ನಾಟ ಎಂಬ ಊರನ್ನು ಹೆಸರಿಸಿ 'ಅಲ್ಲಿ ಬೆರಿಲ್ ಇದೆ' ಎಂದು ಸೇರಿಸುತ್ತಾನೆ. ವಿದ್ವಾಂಸರು ಅದನ್ನು ಪುನ್ನಾಟವೆಂದು ಗುರುತಿಸಿದ್ದಾರೆ. ಈಗಿನ ಹೆಗ್ಗಡದೇವನಕೋಟೆಯ ಸುತ್ತಮುತ್ತ, ಕಪಿಲೆಯ ದಡದ ಕೀರ್ತಿಪುರವನ್ನು ರಾಜಧಾನಿ ಮಾಡಿಕೊಂಡಿದ್ದ, ಗಂಗರೊಂದಿಗೆ ಮದುವೆ ಸಂಬಂಧ ಬೆಳೆಸಿದ ಅದೇ ಪುನ್ನಾಟ. ಅಲ್ಲಿಂದ ಕೆಳಗೆ ಕೊಯಮತ್ತೂರು ಸೀಮೆಯ ಕಾಂಗೇಯಂ ಬಳಿಯ ಪಡಿಯೂರಿನಲ್ಲೂ ಹಳೆಯ ಬೆರಿಲ್ ಗಣಿಯಿತ್ತು. ಆ ಸೀಮೆಯಲ್ಲಿ ರೋಮನ್ ನಾಣ್ಯಗಳು ಗಡಿಗೆಗಟ್ಟಲೆ ಸಿಕ್ಕಿವೆ. ವೈಡೂರ್ಯವನ್ನು ಹೆಸರಿನ ಸಾಮ್ಯವೊಂದನ್ನೇ ಹಿಡಿದು ಬೇಲೂರಿಗೆ ಗಂಟು ಹಾಕುವವರೂ ಇದ್ದಾರೆ. ನನಗೆ ಟಾಲೆಮಿಯ ಆ ಒಂದು ಸಾಲೇ ಹೆಚ್ಚು.

ಒಂದು ಗೊಂದಲ ಮಾತ್ರ ಬಗೆಹರಿಸಿಕೊಳ್ಳಬೇಕು. ಹಳೆಯ ಗ್ರಂಥಗಳ ವೈಡೂರ್ಯ ಬೆರಿಲ್ ಎಂದು ಬಹಳ ಮಂದಿ ವಿದ್ವಾಂಸರು ಹೇಳಿದರೂ, ಇಂದು ನಮ್ಮ ಅಂಗಡಿಗಳಲ್ಲಿ ವೈಡೂರ್ಯವೆಂದರೆ ಬೆಕ್ಕಿನ ಕಣ್ಣು, ಕೇತುವಿನ ಹರಳು. ಅದು ಕ್ರೈಸೊಬೆರಿಲ್ ಎಂಬ ಬೇರೆಯೇ ಖನಿಜ. ಹೀಗಾಗಿ 'ವೈಡೂರ್ಯ ಕೊಡಿ' ಎಂದು ಕೇಳಿದರೆ ಅಕ್ವಾಮರೀನ್ ಸಿಗುವುದಿಲ್ಲ. ಈಗಿನ ನವರತ್ನಗಳ ಪಟ್ಟಿಯಲ್ಲಿ ಅಕ್ವಾಮರೀನ್ ಇಲ್ಲ. ಉಪರತ್ನವೆಂದು ಒಬ್ಬರು ಶನಿಗೆ, ಇನ್ನೊಬ್ಬರು ಬುಧನಿಗೆ ಕೊಡುತ್ತಾರೆ. ನಂಬಿ ಧರಿಸುವವರು ತಮ್ಮ ಮನೆಯ ಜೋಯಿಸರನ್ನು ಕೇಳಿ ಧರಿಸಲಿ. ಹರಳು ಅಸಲಿಯೇ ಎನ್ನುವುದನ್ನು ಮಾತ್ರ ಗ್ರಹಗಳಿಗೆ ಬಿಡದೆ ನಾವೇ ನೋಡಿಕೊಳ್ಳಬೇಕು.

ಮೊದಲ ಹೆಜ್ಜೆ: ಹಗಲ ಬೆಳಕಿನಲ್ಲಿ, ಬಿಳಿ ಕಾಗದದ ಮೇಲೆ

ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ಜಾಗದಲ್ಲಿ, ಬಿಳಿ ಕಾಗದದ ಮೇಲೆ ಹರಳನ್ನು ಇಡಿ. ಅಂಗಡಿಯ ಕಪ್ಪು ಅಥವಾ ನೀಲಿ ವೆಲ್ವೆಟ್ ಬೇಡ. ಸಾಮಾನ್ಯವಾಗಿ ಕಾಣುವುದು ತೀರಾ ತಿಳಿಯಾದ ನೀಲಿ, ಕೆಲವೊಮ್ಮೆ ಒಂದೆಳೆ ಹಸಿರು ಬೆರೆತ ನೀಲಿ. ತಿಳಿಯಾಗಿರುವುದೇ ಈ ಹರಳಿನ ಸ್ವಭಾವ. ದಟ್ಟ ನೀಲಿ ಇರುವಂಥದ್ದು ಕಡಿಮೆ, ಅದಕ್ಕೇ ಬೆಲೆ ಹೆಚ್ಚು. ಬ್ರೆಜಿಲ್‌ನ ಸಾಂತಾ ಮರಿಯಾ ದೆ ಇತಬೀರಾದ ಗಣಿಯಿಂದ ಬಂದ ದಟ್ಟ ನೀಲಿಗೆ ಎಷ್ಟು ಹೆಸರೆಂದರೆ, ಈಗ ಮೊಜಾಂಬಿಕ್‌ನ ಅಂಥದೇ ಬಣ್ಣದ ಹರಳನ್ನೂ 'ಸಾಂತಾ ಮರಿಯಾ ಆಫ್ರಿಕಾನಾ' ಎಂದು ಮಾರುತ್ತಾರೆ. ಯಾರಾದರೂ ಸಾಂತಾ ಮರಿಯಾ ಎಂದರೆ ಅದು ಬಣ್ಣದ ಹೆಸರೋ, ಗಣಿಯ ಹೆಸರೋ ಎಂದು ಕೇಳಿ. ಅಕ್ಕಿಕಾಳಿನಷ್ಟು ಪುಟ್ಟ ಹರಳು ಕಡುನೀಲಿಯಾಗಿದ್ದು, ಬೆಲೆಯೂ ಅಗ್ಗವಾಗಿದ್ದರೆ ಅನುಮಾನ ಪಡಿ. ಬಣ್ಣ ತುಂಬಿಕೊಳ್ಳಲು ಈ ಹರಳಿಗೆ ಸ್ವಲ್ಪ ಗಾತ್ರ ಬೇಕಾಗುತ್ತದೆ.

ಮಾರುಕಟ್ಟೆಯ ಬಹುಪಾಲು ಅಕ್ವಾಮರೀನ್‌ಗಳನ್ನು ಕಾಯಿಸಿರುತ್ತಾರೆ. ಸುಮಾರು 400ರಿಂದ 450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಳದಿ ಛಾಯೆ ಹೋಗಿ, ಹಸಿರು ಬೆರೆತ ಕಲ್ಲು ಅಪ್ಪಟ ನೀಲಿಯಾಗುತ್ತದೆ. ಈ ಬಣ್ಣ ನಿಲ್ಲುವ ಬಣ್ಣ, ಇದರಲ್ಲಿ ಮೋಸವಿಲ್ಲ. ಕಾಯಿಸಿದ್ದನ್ನು ಲ್ಯಾಬಿನವರೂ ಸಾಮಾನ್ಯವಾಗಿ ಗುರುತಿಸಲಾರರು. ಆದ್ದರಿಂದ ಯಾರಾದರೂ 'ಕಾಯಿಸಿಲ್ಲದ್ದು' ಎಂದು ಎರಡು ಪಟ್ಟು ಬೆಲೆ ಕೇಳಿದರೆ ಕೊಡಬೇಡಿ. ನನ್ನ ಇಷ್ಟ ಕೇಳಿದರೆ, ಹಸಿರಿನ ಛಾಯೆ ಉಳಿದಿರುವ ಹರಳೇ ಹೆಚ್ಚು ಚಂದ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಬಂಡೆಗಳ ಸುತ್ತ ನೀರು ನಿಂತ ಬಣ್ಣ ಅದರಲ್ಲಿದೆ.

ಎರಡನೇ ಹೆಜ್ಜೆ: ತಿರುಗಿಸಿ ನೋಡುವುದು

ಅಕ್ವಾಮರೀನಿನೊಳಗೆ ಎರಡು ಬಣ್ಣಗಳಿವೆ. ಕಚ್ಚಾ ಸ್ಫಟಿಕವನ್ನು ಪೆನ್ಸಿಲ್ ಹಿಡಿದಂತೆ ಹಿಡಿದು ಪಕ್ಕದಿಂದ ನೋಡಿದರೆ ನೀಲಿ. ತುದಿಯಿಂದ, ಕೊಳವೆಯಲ್ಲಿ ಇಣುಕಿದಂತೆ ಉದ್ದಕ್ಕೂ ನೋಡಿದರೆ ಬಣ್ಣ ಪೇಲವ. ಅದಕ್ಕೇ ಹರಳು ಕಡೆಯುವವರು ಮೇಲ್ಮುಖವನ್ನು ಸ್ಫಟಿಕದ ಉದ್ದಕ್ಕೆ ಸಮನಾಗಿ ಇರಿಸುತ್ತಾರೆ. ಅಕ್ವಾಮರೀನ್‌ಗಳು ಹೆಚ್ಚಾಗಿ ಉದ್ದನೆಯ ಆಯತವಾಗಿಯೋ ಅಂಡಾಕಾರವಾಗಿಯೋ ಬರುವುದು ಇದರಿಂದ. ನಿಮ್ಮ ಕೈಯಲ್ಲಿರುವ ಉದ್ದನೆಯ ಹರಳನ್ನು ಚಿಮಟದಲ್ಲಿ ಹಿಡಿದು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ, ಪಕ್ಕದಿಂದ ಹಾಯಿಸಿ ನೋಡಿ. ಒಂದು ಕಡೆ ನೀರು, ಇನ್ನೊಂದು ಕಡೆ ನೀಲಿ ಕಂಡರೆ ಒಳ್ಳೆಯ ಲಕ್ಷಣ.

ಇದೇ ಪರೀಕ್ಷೆ ಇನ್ನೊಂದು ಅಪಾಯವನ್ನೂ ಹೊರಗೆಡವುತ್ತದೆ. ಮಶೀಷೆ ಎಂಬ ಕಡುನೀಲಿ ಬೆರಿಲ್ ಇದೆ. 1917ರಲ್ಲಿ ಅದೇ ಹೆಸರಿನ ಬ್ರೆಜಿಲ್ ಗಣಿಯಲ್ಲಿ ಮೊದಲು ಸಿಕ್ಕಿತು. ಆಮೇಲೆ ವಿಕಿರಣಕ್ಕೊಡ್ಡಿ ಅಂಥದೇ ಬಣ್ಣ ಬರಿಸಿದ ಹರಳುಗಳೂ ಮಾರುಕಟ್ಟೆಗೆ ಬಂದವು. ನೋಡಲು ನೀಲಮಣಿಯಷ್ಟು ಕಡು, ಆದರೆ ಬೆಳಕಿಗೆ ಇಟ್ಟಂತೆ ಬಣ್ಣ ಮಾಸುತ್ತದೆ. ಇದರ ಗುರುತು ತಲೆಕೆಳಗು: ಸ್ಫಟಿಕದ ತುದಿಯಿಂದ ನೋಡಿದಾಗ ಕಡು, ಪಕ್ಕದಿಂದ ಪೇಲವ.

ಮೂರನೇ ಹೆಜ್ಜೆ: ಪತ್ರಿಕೆ ಮತ್ತು ಲೂಪ್

ಹರಳನ್ನು ದಿನಪತ್ರಿಕೆಯ ಅಕ್ಷರಗಳ ಮೇಲೆ ಮುಖ ಮೇಲಾಗಿ ಇಡಿ. ನಟ್ಟನಡುವೆ ಅಕ್ಷರ ಸಲೀಸಾಗಿ ಓದಲು ಬಂದರೆ, ಹರಳನ್ನು ತೆಳ್ಳಗೆ ಕಡೆದಿದ್ದಾರೆ ಎಂದರ್ಥ. ಮೇಲಿಂದ ಬಿದ್ದ ಬೆಳಕು ಕಣ್ಣಿಗೆ ಮರಳದೆ ಕೆಳಗೆ ಸೋರಿಹೋಗುತ್ತಿದೆ. ವ್ಯಾಪಾರದಲ್ಲಿ ಇದಕ್ಕೆ ವಿಂಡೋ ಎನ್ನುತ್ತಾರೆ. ತಿಳಿ ಬಣ್ಣದ ಹರಳಿನಲ್ಲಿ ಇದು ದೊಡ್ಡ ದೋಷ, ನಡುವೆ ಬಣ್ಣವೇ ಇಲ್ಲದಂತೆ ಕಾಣುತ್ತದೆ. ಹೊಟ್ಟೆ ಉಬ್ಬಿದ ಹರಳಿನದು ಇನ್ನೊಂದು ದೋಷ. ಕಾಣದ ತೂಕಕ್ಕೆ ದುಡ್ಡು ಕೊಡುತ್ತೀರಿ.

ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಇದ್ದರೆ ಒಳಗೆ ಇಣುಕಿ. ಉದ್ದಕ್ಕೆ ಒಂದಕ್ಕೊಂದು ಸಮಾಂತರವಾಗಿ ಇಳಿದ ಕೂದಲೆಳೆಯಂಥ ಗೆರೆಗಳು ಕಂಡರೆ ಖುಷಿಪಡಿ. ಅವು ಸ್ಫಟಿಕ ಬೆಳೆಯುವಾಗ ಉಳಿದ ಸೂಕ್ಷ್ಮ ಕೊಳವೆಗಳು. ಹರಳುತಜ್ಞರು ಅದನ್ನು ಮಳೆ ಎಂದೇ ಕರೆಯುತ್ತಾರೆ, ನೋಡಲೂ ಹಾಗೇ ಇದೆ, ಆಷಾಢದ ಜಡಿಮಳೆಯನ್ನು ಕಿಟಕಿಯಿಂದ ನೋಡಿದಂತೆ. ದುಂಡನೆಯ ಗುಳ್ಳೆಗಳು ಕಂಡರೆ ಅದು ಗಾಜು. ಹಿಂಬದಿಯ ಅಂಚುಗಳು ಜೋಡಿಜೋಡಿಯಾಗಿ ಕಂಡರೆ ನೀಲಿ ಜಿರ್ಕಾನ್ ಇರಬಹುದು. ಹಿಂದೆ ಅದನ್ನು ಸಿಯಾಮ್ ಅಕ್ವಾಮರೀನ್ ಎಂದು ಮಾರಿದ್ದುಂಟು. ಬ್ರೆಜಿಲಿಯನ್ ಅಕ್ವಾಮರೀನ್ ಎಂಬ ಹೆಸರಲ್ಲಿ ಟೋಪಾಜ್ ಮಾರಿದ್ದೂ ಉಂಟು.

ಉಸಿರು ಊದಿ ಮಂಜು ಆರುವುದನ್ನು ನೋಡುವ, ತುಟಿಗಿಟ್ಟು ತಂಪು ನೋಡುವ ಪರೀಕ್ಷೆಗಳನ್ನು ನಾನು ನೆಚ್ಚುವುದಿಲ್ಲ. ಗಾಜಿನ ಮೇಲೆ ಗೀರಿ ನೋಡುವುದನ್ನಂತೂ ಯಾರಿಗೂ ಮಾಡಲು ಬಿಡಬೇಡಿ. ಗಾಜನ್ನು ಗೀರುವ ಹರಳುಗಳು ಹತ್ತಾರಿವೆ, ನಿಮ್ಮ ಹರಳಿನ ಅಂಚು ಮಾತ್ರ ಒಂದೇ.

ನಾಲ್ಕನೇ ಹೆಜ್ಜೆ: ನೀರಿನಲ್ಲಿ ತೂಗುವುದು

ನನ್ನ ಕಥೆ ಇಲ್ಲಿದೆ. ಹನ್ನೆರಡು ವರ್ಷದ ಹಿಂದೆ ತಂಗಿಯ ಮದುವೆಗೆಂದು ಪದಕಕ್ಕೆ ಒಂದು ಹರಳು ಕೊಂಡೆ. ತಿಳಿನೀಲಿ, ಕಲೆಯಿಲ್ಲ, 10.80 ಕ್ಯಾರಟ್. ಬಿಲ್ಲಿನಲ್ಲಿ 'ಅಕ್ವಾ' ಎಂದಿತ್ತು. ಮನೆಗೆ ತಂದು ಹಳೆಯ ಅಕ್ವಾಮರೀನ್ ಉಂಗುರದ ಪಕ್ಕ ಇಟ್ಟಾಗ ಏನೋ ಸರಿಯಿಲ್ಲ ಅನ್ನಿಸಿತು. ಹೇಳಿದ ತೂಕಕ್ಕೆ ಹರಳು ಚಿಕ್ಕದಾಗಿತ್ತು. ಆ ರಾತ್ರಿ ಊಟದ ಮೇಜಿನ ಮೇಲೆ ತೂಗಿದೆ. ಕ್ರಮ ಹೀಗೆ.

0.01 ಗ್ರಾಂವರೆಗೆ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಕಟ್ಟಿಸಿರದ ಬಿಡಿ ಹರಳಾಗಿರಬೇಕು. ಐದು ಕ್ಯಾರಟ್ಟಿಗಿಂತ ಮೇಲಿದ್ದರೆ ಲೆಕ್ಕ ಖಚಿತವಾಗಿ ಬರುತ್ತದೆ. ಮೊದಲು ಒಣ ಹರಳನ್ನು ತೂಗಿ ಬರೆದುಕೊಳ್ಳಿ. ನನ್ನದು 2.16 ಗ್ರಾಂ, ಒಂದು ಕ್ಯಾರಟ್ಟಿಗೆ 0.2 ಗ್ರಾಂ ಲೆಕ್ಕಕ್ಕೆ ಸರಿಹೋಯಿತು. ಈಗ ತಕ್ಕಡಿಯ ಮೇಲೆ ಚಿಕ್ಕ ಪ್ಲಾಸ್ಟಿಕ್ ಲೋಟದಲ್ಲಿ, ಕುದಿಸಿ ಆರಿಸಿದ ನೀರನ್ನು ಅರ್ಧ ತುಂಬಿ. ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದೇ ಹನಿ ಹಾಕಿ, ಹರಳಿಗೆ ಗುಳ್ಳೆ ಅಂಟುವುದಿಲ್ಲ. ತಕ್ಕಡಿಯನ್ನು ಸೊನ್ನೆಗೆ ತನ್ನಿ. ಎರಡೂ ಪಕ್ಕ ಪುಸ್ತಕಗಳನ್ನು ಪೇರಿಸಿ ಅವುಗಳ ಮೇಲೆ ಅಡ್ಡಲಾಗಿ ಪೆನ್ಸಿಲ್ ಇಡಿ. ಪೆನ್ಸಿಲ್ಲಿನಿಂದ ತೆಳುವಾದ ನೈಲಾನ್ ಎಳೆಯಲ್ಲಿ ಹರಳನ್ನು ಇಳಿಬಿಡಿ. ಹರಳು ಪೂರ್ತಿ ಮುಳುಗಬೇಕು, ತಳಕ್ಕೂ ಗೋಡೆಗೂ ತಾಗಬಾರದು. ಈಗ ತಕ್ಕಡಿ ತೋರಿಸುವುದು ಹರಳು ಸರಿಸಿದ ನೀರಿನ ತೂಕ. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿ.

ಅಕ್ವಾಮರೀನ್ ಆಗಿದ್ದರೆ ತಕ್ಕಡಿ 0.80ರ ಹತ್ತಿರ ನಿಲ್ಲಬೇಕಿತ್ತು, ಭಾಗಿಸಿದರೆ 2.70. ನನಗೆ ಕಂಡದ್ದು 0.61. ಮೂರು ಸಲ ತೂಗಿದೆ, ಮೂರು ಸಲವೂ ಅಷ್ಟೇ. 2.16ನ್ನು 0.61ರಿಂದ ಭಾಗಿಸಿದರೆ 3.54. ಅದು ಟೋಪಾಜಿನ ಅಂಕಿ. ಬಣ್ಣವಿಲ್ಲದ ಟೋಪಾಜಿಗೆ ವಿಕಿರಣ ಮತ್ತು ಶಾಖ ಕೊಟ್ಟು ನೀಲಿ ಮಾಡುತ್ತಾರೆ. ಅದು ಅಗ್ಗ, ಎಲ್ಲ ಕಡೆ ಸಿಗುತ್ತದೆ. ಹಿಂದಿರುಗಿಸಲು ಹೋದಾಗ 'ಅಕ್ವಾ ಎಂದರೆ ಬಣ್ಣದ ಹೆಸರು, ಕಲ್ಲಿನದಲ್ಲ' ಎಂದರು. ಬಿಲ್ಲಿನಲ್ಲಿ ಇದ್ದದ್ದೂ ಅಷ್ಟೇ ಅಕ್ಷರ. ನನಗೆ ಸಿಟ್ಟಿಗಿಂತ ತಂಗಿಗೆ ಏನು ಹೇಳುವುದೆಂಬ ಸಂಕಟವೇ ಹೆಚ್ಚಾಗಿತ್ತು.

ನೆನಪಿಡಬೇಕಾದ ಅಂಕಿಗಳು ನಾಲ್ಕೇ: ಅಕ್ವಾಮರೀನ್ 2.7ರ ಆಸುಪಾಸು, ಟೋಪಾಜ್ 3.5, ನಕಲಿ ಹರಳಾಗಿ ಬಳಸುವ ಕೃತಕ ಸ್ಪೈನೆಲ್ 3.6, ನೀಲಿ ಜಿರ್ಕಾನ್ 4.6ರ ಮೇಲೆ. ಗಾಜಿನದು ಮಾತ್ರ ನಂಬುವಂತಿಲ್ಲ, ಕೆಲವು ಗಾಜುಗಳು 2.7ಕ್ಕೂ ಬರುತ್ತವೆ. ಅದಕ್ಕೇ ಮುಂದಿನ ಹೆಜ್ಜೆ.

ಐದನೇ ಹೆಜ್ಜೆ: ಲ್ಯಾಪ್‌ಟಾಪ್ ಪರದೆ

ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಿಂದ ಹೊರಡುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ, ಅಂದರೆ ಪೋಲರೈಸ್ಡ್ ಬೆಳಕು. ಪರದೆಯ ತುಂಬ ಬಿಳಿ ಪುಟ ತೆರೆದು, ಕೋಣೆಯ ದೀಪ ಆರಿಸಿ, ಪರದೆಗೆ ತಾಗದಂತೆ ಚಿಮಟದಲ್ಲಿ ಹರಳನ್ನು ಹಿಡಿದು ಗಡಿಯಾರದ ಮುಳ್ಳಿನಂತೆ ಮೆಲ್ಲಗೆ ತಿರುಗಿಸಿ. ಕಾಲು ಸುತ್ತಿಗೆ ನೀಲಿ ಕಡಿಮೆಯಾಗಿ, ಮತ್ತೆ ಕಾಲು ಸುತ್ತಿಗೆ ತುಂಬಿಕೊಳ್ಳುವುದು ಅಕ್ವಾಮರೀನಿನ ಗುಣ. ಗಾಜಿನಲ್ಲೂ ಸ್ಪೈನೆಲ್‌ನಲ್ಲೂ ಬಣ್ಣ ಕದಲುವುದಿಲ್ಲ.

ಪೋಲರೈಸ್ಡ್ ತಂಪು ಕನ್ನಡಕ ಇದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಕನ್ನಡಕದ ಗಾಜನ್ನು ಪರದೆಯ ಮುಂದೆ ಹಿಡಿದು, ಬಿಳಿ ಪರದೆ ಕಪ್ಪಾಗುವವರೆಗೆ ತಿರುಗಿಸಿ. ಆ ಕಪ್ಪಿನಲ್ಲಿ, ಕನ್ನಡಕ ಮತ್ತು ಪರದೆಯ ನಡುವೆ ಹರಳನ್ನು ತಂದು ತಿರುಗಿಸಿ. ಅಕ್ವಾಮರೀನ್ ಬೆಳಗುತ್ತ ಆರುತ್ತ ಹೋಗುತ್ತದೆ. ಗಾಜು ಹೆಚ್ಚಾಗಿ ಕಪ್ಪಾಗೇ ಉಳಿಯುತ್ತದೆ. ಕೆಲವೊಮ್ಮೆ ಹಾವಿನಂತೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ, ಅದು ಗಾಜಿನೊಳಗಿನ ಒತ್ತಡ. ಒಂದೇ ಕೋನದಲ್ಲಿ ನೋಡಿ ತೀರ್ಮಾನಿಸಬೇಡಿ, ಎರಡು ಮೂರು ಮಗ್ಗುಲಿಂದ ಪರೀಕ್ಷಿಸಿ.

ಆರನೇ ಹೆಜ್ಜೆ: ಲ್ಯಾಬ್ ಮತ್ತು ಬಿಲ್

ಮನೆಯ ಪರೀಕ್ಷೆಗಳಿಂದ ಬೆರಿಲ್ ಹೌದೋ ಅಲ್ಲವೋ ತಿಳಿಯುತ್ತದೆ. ಅದು ಭೂಮಿಯಲ್ಲಿ ಬೆಳೆದದ್ದೋ, ಪ್ರಯೋಗಾಲಯದಲ್ಲಿ ಬೆಳೆಸಿದ್ದೋ ಎನ್ನುವುದು ಲ್ಯಾಬಿನ ಕೆಲಸ. ಬೆಲೆ ನಿಮ್ಮ ಕೈಗೆ ದೊಡ್ಡದು ಅನ್ನಿಸಿದರೆ ವರದಿ ಇಲ್ಲದೆ ಕೊಳ್ಳಬೇಡಿ. ವರದಿಯಲ್ಲಿ 'ನ್ಯಾಚುರಲ್ ಬೆರಿಲ್, ವೆರೈಟಿ ಅಕ್ವಾಮರೀನ್' ಎಂಬ ಪೂರ್ತಿ ಮಾತು, ತೂಕ, ಅಳತೆ ಇರಬೇಕು. ವಕ್ರೀಭವನ ಸೂಚ್ಯಂಕ, ಅಂದರೆ ಹರಳು ಬೆಳಕನ್ನು ಎಷ್ಟು ಬಾಗಿಸುತ್ತದೆಂಬ ಅಳತೆ, ಕೊಟ್ಟಿದ್ದರೆ 1.57ರಿಂದ 1.59ರೊಳಗೆ ಬರಬೇಕು, ಟೋಪಾಜಿನದು 1.61 ದಾಟುತ್ತದೆ.

ಬಿಲ್ಲಿನಲ್ಲಿ ಎರಡು ವಿಷಯ ನೋಡಿ. ಚಿನ್ನದ ಮೇಲಿನ ಹಾಲ್‌ಮಾರ್ಕ್ ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಚಿನ್ನದ ಶುದ್ಧತೆಗೆ ಮಾತ್ರ, ಹರಳಿಗೆ ಅದರಿಂದ ಯಾವ ಖಾತ್ರಿಯೂ ಇಲ್ಲ. ಎರಡನೆಯದು, ಹರಳಿನ ತೂಕ ಕಳೆದ ಮೇಲೆ ಉಳಿದ ತೂಕಕ್ಕಷ್ಟೇ ಚಿನ್ನದ ದರ ಹಾಕಿಸಿ. ಹತ್ತು ಕ್ಯಾರಟ್ ಹರಳು ಎಂದರೆ ಎರಡು ಗ್ರಾಂ. ಅದನ್ನು ಕಳೆಯದಿದ್ದರೆ ಕಲ್ಲಿಗೂ ಚಿನ್ನದ ಬೆಲೆ ಕೊಟ್ಟಂತೆ. ಕ್ಯಾರಟ್ ಎಂಬ ಪದ ಹರಳಿಗೆ ತೂಕ, ಚಿನ್ನಕ್ಕೆ ಶುದ್ಧತೆ. ನಮ್ಮಲ್ಲಿ ಎರಡಕ್ಕೂ ಒಂದೇ ಉಚ್ಚಾರಣೆಯಾದ್ದರಿಂದ ಮಾತಿನಲ್ಲಿ ಎಡವಟ್ಟು ಆಗುತ್ತದೆ. ಬಿಲ್ಲಿನಲ್ಲಿ ಬಿಡಿಸಿ ಬರೆಸಿ.

ಕಟ್ಟಿಸುವಾಗ

ಅಕ್ವಾಮರೀನಿನ ಗಡಸುತನ ಮೋಸ್ ಮಾಪಕದಲ್ಲಿ 7.5ರಿಂದ 8. ದಿನಬಳಕೆಯ ಉಂಗುರಕ್ಕೆ ಸಾಕು, ಆದರೆ ಅಂಚು ಕಲ್ಲುಬೆಂಚಿಗೆ ಬಡಿದರೆ ಚಕ್ಕೆ ಏಳುತ್ತದೆ. ಓಲೆ, ಪದಕಕ್ಕೆ ಚಿಂತೆಯೇ ಇಲ್ಲ. ಉಂಗುರವಾದರೆ ಸುತ್ತ ಚಿನ್ನದ ಅಂಚು ಕಟ್ಟಿಸುವುದು ಕ್ಷೇಮ. ಹರಳನ್ನು ಉಗುರಿನಂತೆ ಹಿಡಿಯುವ ನಾಲ್ಕು ಪ್ರಾಂಗ್‌ಗಳ ಮೇಲೆ ನಿಲ್ಲಿಸುವುದಾದರೆ 18 ಕ್ಯಾರಟ್ ಚಿನ್ನ ಗಟ್ಟಿ. ನಮ್ಮ ಮನೆಗಳಿಗೆ ಪ್ರಿಯವಾದ 916 ಚಿನ್ನ ಮೆತು, ಪ್ರಾಂಗ್ ಬೇಗ ಸಡಿಲವಾಗುತ್ತದೆ. ಹಿಂಬದಿ ತೆರೆದಿರಲಿ. ಹಿಂದೆ ಮುಚ್ಚಿ ಹೊಳೆಯುವ ಹಾಳೆ ಇಟ್ಟು ಕಟ್ಟಿದರೆ ಪೇಲವ ಹರಳೂ ನೀಲಿಯಾಗಿ ಕಾಣುತ್ತದೆ, ನೀರು ಸೇರಿದರೆ ಹಾಳೆ ಕಪ್ಪಾಗುತ್ತದೆ.

ತೊಳೆಯುವುದು

ಉಂಗುರ ಮಂಕಾಯಿತು ಎಂದು ಪಾಲಿಶ್‌ಗೆ ಒಯ್ಯುವವರು ಮೊದಲು ಹರಳಿನ ಹಿಂಬದಿ ನೋಡಿ. ಕೊಬ್ಬರಿ ಎಣ್ಣೆ, ಕ್ರೀಮು, ಚಪಾತಿ ಹಿಟ್ಟು ಅಲ್ಲಿ ಪದರಗಟ್ಟಿರುತ್ತವೆ. ಹಿಂಬದಿಯ ಮುಖಗಳಿಗೆ ಬಡಿದ ಬೆಳಕು ಮರಳಿ ಬರುವುದರಿಂದಲೇ ಹರಳು ಹೊಳೆಯುವುದು. ಅಕ್ವಾಮರೀನ್ ಗಾಳಿಯಲ್ಲಿದ್ದಾಗ ಸುಮಾರು 39 ಡಿಗ್ರಿಗಿಂತ ಓರೆಯಾಗಿ ಬಿದ್ದ ಬೆಳಕೆಲ್ಲ ಪೂರ್ತಿ ಮರಳುತ್ತದೆ. ಎಣ್ಣೆ ಮೆತ್ತಿದರೆ ಆ ಮಿತಿ 66 ಡಿಗ್ರಿ ದಾಟುತ್ತದೆ, ಬೆಳಕು ಎಣ್ಣೆಯೊಳಕ್ಕೆ ಸೋರಿಹೋಗುತ್ತದೆ. ಹರಳು ಹಾಳಾಗಿರುವುದಿಲ್ಲ, ಕೊಳೆಯಾಗಿರುತ್ತದೆ ಅಷ್ಟೇ.

ನಾನು ಮಾಡುವುದು ಅಜ್ಜಿ ಮಾಡುತ್ತಿದ್ದ ಅಂಟುವಾಳದ ವಿಧಾನ. ಎರಡು ಮೂರು ಅಂಟುವಾಳ ಒಡೆದು ಬೀಜ ತೆಗೆದು, ಸಿಪ್ಪೆಯನ್ನು ಉಗುರುಬೆಚ್ಚನೆಯ ನೀರಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ ನೊರೆ ಬರಿಸಿ ಸೋಸಿಕೊಳ್ಳಿ. ಉಂಗುರವನ್ನು ಅದರಲ್ಲಿ ಹದಿನೈದು ನಿಮಿಷ ಬಿಡಿ. ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಿಂಬದಿಯನ್ನು ಉಜ್ಜಿ, ಆಮೇಲೆ ಮುಂಬದಿ. ತೊಳೆಯುವುದು ಬೋಗುಣಿಯಲ್ಲೇ, ಸಿಂಕಿನ ನಲ್ಲಿಯ ಕೆಳಗಲ್ಲ. ಜಾರಿದ ಓಲೆ ಕೊಳವೆಗೆ ಇಳಿದರೆ ಮನೆಯೆಲ್ಲ ಹುಡುಕಾಟ. ಎರಡು ಸಲ ನೀರು ಬದಲಿಸಿ, ಹಳೆಯ ಹತ್ತಿ ಪಂಚೆಯ ತುಂಡಿನ ಮೇಲೆ ಒಣಗಿಸಿ. ಅಂಟುವಾಳ ಇಲ್ಲದಿದ್ದರೆ ಬೇಬಿ ಶಾಂಪೂ ಎರಡು ಹನಿ ಸಾಕು.

ಟೂತ್‌ಪೇಸ್ಟ್, ವಿಭೂತಿ, ಸಬೀನಾ ಬೇಡ. ಹರಳು ತಡೆದರೂ ಚಿನ್ನ ಗೀರುಬೀಳುತ್ತದೆ. ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರ ಬಿರುಕಿಲ್ಲದ ಹರಳಿಗೆ ತೊಂದರೆ ಮಾಡುವುದಿಲ್ಲ. ಒಳಗೆ ಬಿರುಕು ಅಥವಾ ನೀರು ತುಂಬಿದ ಗುಳಿ ಇದ್ದರೆ ಅದರ ಹತ್ತಿರ ಬಿಡಬೇಡಿ. ಧರಿಸುವ ಮುನ್ನ ಹಸಿ ಹಾಲಿನಲ್ಲಿ ಇಡುವ ಪದ್ಧತಿ ಇರುವವರು ಇಡಿ. ಆದರೆ ಪೂಜೆ ಮುಗಿದ ಕೂಡಲೇ ಮೇಲೆ ಹೇಳಿದಂತೆ ತೊಳೆಯಿರಿ, ಪ್ರಾಂಗ್ ಸಂದಿಯಲ್ಲಿ ಉಳಿದ ಹಾಲು ಒಣಗಿ ಗಟ್ಟಿಯಾಗುತ್ತದೆ.

ಬೆಂಕಿ

ಅಮ್ಮನ ಉಂಗುರ ಬಿಗಿಯಾಗಿತ್ತು. ದೊಡ್ಡದು ಮಾಡಿಸಲು ಕೊಟ್ಟೆವು. ಕೆಲಸದವರು ಹರಳು ಬಿಚ್ಚದೆ, ಒದ್ದೆ ಬಟ್ಟೆ ಸುತ್ತಿ ಬೆಸುಗೆ ಹಾಕಿದರು. ಮರಳಿ ಬಂದಾಗ ಹರಳಿನ ಒಂದು ಮೂಲೆಯಲ್ಲಿ ಬೆಳ್ಳಗೆ ಗರಿಯಂಥ ಬಿರುಕು. ಒಳಗಿದ್ದ ಸಣ್ಣ ನೀರಿನ ಗುಳಿ ಶಾಖಕ್ಕೆ ಹಿಗ್ಗಿ ಸೀಳಿತ್ತು. ಅಮ್ಮ ಏನೂ ಅನ್ನಲಿಲ್ಲ, ಉಂಗುರವನ್ನು ಮತ್ತೆ ಹಾಕಿಕೊಳ್ಳಲೂ ಇಲ್ಲ. ಅಕ್ಕಸಾಲಿಗರ ಬಳಿ ಕೊಡುವಾಗ 'ಹರಳು ಬಿಚ್ಚಿ ಬೆಸುಗೆ ಹಾಕಿ, ಆಮೇಲೆ ಕೂರಿಸಿ' ಎಂದು ಬಾಯಲ್ಲಿ ಹೇಳಿ, ಚೀಟಿಯಲ್ಲೂ ಬರೆಸಿ. ಹೆಚ್ಚುವರಿ ಕೂಲಿ ಕೇಳಿದರೆ ಸಂತೋಷದಿಂದ ಕೊಡಿ. ಬಿಸಿ ನೀರಿನಿಂದ ತೆಗೆದು ತಣ್ಣೀರಿಗೆ ಹಾಕುವುದೂ ಇದೇ ಕಾರಣಕ್ಕೆ ಬೇಡ.

ಇಡುವುದು

ನೈಸರ್ಗಿಕ ಅಕ್ವಾಮರೀನ್ ಬಿಸಿಲಿಗೆ ಮಾಸುವುದಿಲ್ಲ. ಬೆಳದಿಂಗಳಲ್ಲಿ ಇಡುವವರು ಇಡಬಹುದು, ಉಪ್ಪುನೀರಿನಲ್ಲಿ ಮಾತ್ರ ಬೇಡ, ಬೆಳ್ಳಿ ಮತ್ತು ಬೆಸುಗೆ ಕಪ್ಪಾಗುತ್ತವೆ. ಒಂದೇ ಡಬ್ಬಿಯಲ್ಲಿ ಎಲ್ಲ ಒಡವೆ ತುಂಬಬೇಡಿ. ವಜ್ರ, ಮಾಣಿಕ್ಯ, ನೀಲ ಇದನ್ನು ಗೀರುತ್ತವೆ. ಇದು ಮುತ್ತನ್ನೂ ಹವಳವನ್ನೂ ಗೀರುತ್ತದೆ. ಒಂದೊಂದನ್ನೂ ಬೇರೆ ಮೆತ್ತನೆಯ ಚೀಲದಲ್ಲಿ ಹಾಕಿ, ಲ್ಯಾಬ್ ವರದಿಯ ಪ್ರತಿಯನ್ನು ಚಿನ್ನದಂಗಡಿಯ ಗುಲಾಬಿ ಕಾಗದದಲ್ಲಿ ಮಡಚಿ ಜೊತೆಗಿಡಿ.

ವರ್ಷಕ್ಕೊಮ್ಮೆ ಲಾಕರ್‌ನಿಂದ ತೆಗೆದಾಗ ಎರಡು ಪರೀಕ್ಷೆ ಮಾಡಿ. ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಟಿಕ್ ಟಿಕ್ ಸದ್ದು ಬಂದರೆ ಹರಳು ಅಲ್ಲಾಡುತ್ತಿದೆ. ಹಳೆಯ ರೇಷ್ಮೆ ಸೀರೆಯ ಸೆರಗಿನ ದಾರವೊಂದನ್ನು ಪ್ರಾಂಗ್‌ಗಳ ಮೇಲೆ ಎಳೆಯಿರಿ. ದಾರ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಪ್ರಾಂಗ್ ಎದ್ದಿದೆ. ಅದನ್ನು ಒತ್ತಿಸಿದ ಮೇಲೆಯೇ ಬೆರಳಿಗೆ ಹಾಕಿ.